ಪಿಎಚ್ ಮೀಟರಿನ ಒಣಗಿದ ಗಾಜು

ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ಸಾಮಾನು ಎತ್ತಿಡುವ ಕೆಲಸವನ್ನು ಅತ್ತೆ ಯಾರ ಕೈಗೂ ಕೊಡಲಿಲ್ಲ. ಧೋತರ, ಅಂಗಿ, ಚಾಳೀಸು, ಹಜಾಮತಿ ಡಬ್ಬಿ ಎಲ್ಲವನ್ನೂ ತಾವೇ ಒರೆಸಿ, ಮಡಚಿ, ಟ್ರಂಕಿಗೆ ಹಾಕಿದರು. ನಾನು ಗೋಡೆಗೆ ಒರಗಿ ನೋಡುತ್ತ ಕೂತಿದ್ದೆ. ನೋಡುತ್ತಿದ್ದೆ ಅಂತ ಹೇಳುತ್ತೇನೆ, ಆದರೆ ಏನು ನೋಡಿದೆನೋ ಗೊತ್ತಿಲ್ಲ. ನಾಲತವಾಡದಿಂದ ತವರಿನವರು ಬುತ್ತಿ ತಂದರೆ ಉಣ್ಣುತ್ತಿದ್ದೆ. ಪಲ್ಯಕ್ಕೆ ಉಪ್ಪು ಇತ್ತೋ ಇಲ್ಲವೋ ಹೇಳಲಾರೆ. ಯಾರು ಏನು ಕೇಳಿದರೂ ಹೂಂ ಎನ್ನುತ್ತಿದ್ದೆ.

ಬಾಗೇವಾಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಯಜಮಾನರದೊಂದು ಖೋಲಿ ಇತ್ತು. ಆಗ ಸುತ್ತಲೂ ದ್ರಾಕ್ಷಿ ತೋಟಗಳು ಏಳುತ್ತಿದ್ದ ಕಾಲ. ರೈತರು ತೋಟದ ಮಣ್ಣು, ಬೋರಿನ ನೀರು ತಂದು ಪರೀಕ್ಷೆ ಮಾಡಿಸುತ್ತಿದ್ದರು. ಆ ಖೋಲಿಯ ಜೀವವೆಂದರೆ ಪಿಎಚ್ ಮೀಟರು. ನೀರು ಹುಳಿಯ ಕಡೆಗಿದೆಯೋ ಸುಣ್ಣದ ಕಡೆಗಿದೆಯೋ ಅಂಕಿಯಲ್ಲಿ ತೋರಿಸುವ ಚಿಕ್ಕ ಪೆಟ್ಟಿಗೆ, ಅದರಿಂದ ಹೊರಟ ವಾಯರು, ವಾಯರಿನ ತುದಿಗೆ ಗಾಜಿನ ಕಡ್ಡಿ. ಕಡ್ಡಿಯ ತುದಿಯಲ್ಲಿ ಹುಣಸೆ ಬೀಜದಷ್ಟು ತೆಳುಗಾಜಿನ ಗುಂಡು. ಆ ಗುಂಡಿಗೆ ಸದಾ ಒಂದು ಟೋಪಿ, ಟೋಪಿಯೊಳಗೆ ಉಪ್ಪಿನ ದ್ರಾವಣ.

"ಬಾಣಂತಿ ಜೋಪಾನ ಮಾಡಿದಂಗ ಮಾಡ್ತೀರಲ್ರಿ ಇದನ್ನ" ಎಂದು ನಾನು ನಗುತ್ತಿದ್ದೆ.

"ಇದು ಮೀನಿನ ಜಾತಿ. ಒಣಗಿಸಿದ್ರ ಸಾಯ್ತೈತಿ. ಒರಸಬಾರದು, ತೊಳದು ಹನಿ ಝಾಡಿಸಬೇಕು, ಅಷ್ಟ" ಎನ್ನುತ್ತಿದ್ದರು. ಅವರೊಂದಿಗೆ ಕೈ ಜೋಡಿಸುತ್ತಾ ನಾನೂ ಆ ಕೆಲಸವನ್ನೆಲ್ಲ ಕಲಿತಿದ್ದೆ.

ತಿಂಗಳ ಮೇಲಾಗಿರಬೇಕು, ಮೈದುನ ಬಂದ. ಬೀಜ, ಗೊಬ್ಬರದ ವ್ಯಾಪಾರ ಅವನದು. ಹೊಸ್ತಿಲಲ್ಲೇ ನಿಂತು ಮಾತಾಡಿದ.

"ವೈನಿ, ಅಣ್ಣನ ಖೋಲಿ ಸುಮ್ನ ಕೀಲಿ ಹಾಕ್ಕೊಂಡ ಬಿದ್ದೈತಿ. ನನಗ ಚೀಲ ಇಡಾಕ ಜಾಗಾ ಸಾಲವಲ್ದು. ಬೇಸ್ತವಾರ ಸಿಂದಗಿಯಿಂದ ಲಾರಿ ಬರ್ತೈತಿ, ಅಲ್ಲೇ ಇಳಿಸ್ಲೇನ್ರಿ?"

ಹೂಂ ಎಂದೆ.

ಅದೇ ದಿನ ಮಧ್ಯಾಹ್ನ ಮಸೂತಿ ಊರಿನ ಹಿರಿಯರೊಬ್ಬರು ಸೀಸೆಯಲ್ಲಿ ನೀರು ಹಿಡಿದುಕೊಂಡು ಮನೆಗೇ ಬಂದರು. ಅವರ ದ್ರಾಕ್ಷಿಗೆ ಎಷ್ಟು ಔಷಧ ಹೊಡೆದರೂ ಬೂದಿರೋಗ ಬಿಡುತ್ತಿರಲಿಲ್ಲ. ಔಷಧ ಕಲಸುವ ನೀರಿನ ಮೇಲೆಯೇ ಅವರಿಗೆ ಅನುಮಾನ.

"ಖೋಲಿ ಬಂದ್ ಆತಂತಲ್ರಿ ಅಕ್ಕಾರ?"

"ಬಂದ್ ಆಗಿಲ್ರಿ ಕಾಕಾ. ಬೇಸ್ತವಾರ ಬರ್ರಿ."

ಆ ಮಾತು ನನ್ನ ಬಾಯಿಂದಲೇ ಬಂತು. ಯಾಕೆ ಬಂತು ಎಂದು ಇವತ್ತಿಗೂ ತಿಳಿಯದು. ಸಂಜೆ ಮೈದುನನ ಅಂಗಡಿಗೆ ಹೋಗಿ ಹೇಳಿದೆ: "ತಮ್ಮಾ, ಆ ಮೀಟರ್ ತಿಂಗಳಾತು ಹಚ್ಚಿಲ್ಲ. ಬೇಸ್ತವಾರ ಅದು ನಡದ್ರ ಖೋಲಿ ನನಗಿರ್ಲಿ, ನಾನ ಕೂಡ್ತೇನಿ. ನಡೀಲಿಲ್ಲಂದ್ರ ನೀ ಚೀಲ ಇಳಿಸು."

ಅವನು ನನ್ನ ಮುಖ ನೋಡಿದ. "ಆತ್ರಿ ವೈನಿ" ಎಂದ.

ಮೀಟರು ಎಲ್ಲಿ ಎಂದು ಅತ್ತೆಯನ್ನು ಕೇಳಿದೆ. ಅವರು ಅಭಿಮಾನದಿಂದಲೇ ಟ್ರಂಕು ತೆರೆದರು. ಖೋಲಿಯಿಂದ ತಂದು, ಮಗನ ಮಲ್ಲಿನ ಧೋತರದಲ್ಲಿ ಸುತ್ತಿ, ನುಸಿ ಹಿಡಿಯದಂತೆ ಡಾಂಬರ ಗುಳಿಗೆ ಹಾಕಿ ಇಟ್ಟಿದ್ದರು.

"ಟೊಪಗ್ಯಾಗ ನೀರ ನಿಂತಿತ್ತವ್ವ, ಬೂಸಲ ಹಿಡಿತೈತೆಂತ ಚೆಲ್ಲಿದೆ. ಗಾಜಿಗೆ ಈಬತ್ತಿ ಹಚ್ಚಿ ತಿಕ್ಕಿದೆ. ಕಂದೀಲ ಗ್ಲಾಸು ಹಿಂಗ ತಿಕ್ಕಿದ್ರನ ಥಳಾಥಳಾ ಹೊಳೀತಾವ."

ಗುಂಡು ನಿಜವಾಗಿಯೂ ಹೊಳೆಯುತ್ತಿತ್ತು. ಬುಡದ ಸಂದಿಯಲ್ಲಿ ಮಾತ್ರ ವಿಭೂತಿ ಬೆಳ್ಳಗೆ ಕೂತಿತ್ತು.

ಖೋಲಿಗೆ ಹೋಗಿ ಕೀಲಿ ತೆಗೆದೆ. ಮೀಟರಿನ ಬ್ಯಾಟರಿ ಒಳಗೇ ಉಳಿದು ಹಸಿರು ಕಿಲುಬು ಹಿಡಿದಿತ್ತು. ಕೆರೆದು ಹೊಸದು ಹಾಕಿದೆ. ಕಡ್ಡಿಯನ್ನು ನಳದ ನೀರಿಗೆ ಅದ್ದಿದರೆ ಏಳು, ನಡುವಿನ ಅಂಕಿ. ನಿಂಬೆಹಣ್ಣು ಹಿಂಡಿ ಅದ್ದಿದೆ, ಏಳು. ಸುಣ್ಣದ ತಿಳಿಗೆ ಅದ್ದಿದೆ, ಆಗಲೂ ಏಳೇ. ಹುಳಿಯೂ ಅದಕ್ಕೆ ಒಂದೇ, ಸುಣ್ಣವೂ ಒಂದೇ. ಸಿಟ್ಟು ಬರಬೇಕಿತ್ತು ಅಥವಾ ಅಳುವಾದರೂ ಬರಬೇಕಿತ್ತು. ಎರಡೂ ಬರಲಿಲ್ಲ. ಫ್ಯಾನ್ ಹಾಕಿಕೊಂಡು ಬಹಳ ಹೊತ್ತು ಕೂತೆ.

ಆಮೇಲೆ ಅವರು ಮಾಡುತ್ತಿದ್ದ ಹಾಗೆ ತೆಳ್ಳಗಿನ ಆಸಿಡ್ ನೀರಿನಲ್ಲಿ ಗುಂಡನ್ನು ಸ್ವಲ್ಪ ಹೊತ್ತು ಅದ್ದಿದೆ. ಸಂದಿಯ ವಿಭೂತಿ ಸಣ್ಣಗೆ ನೊರೆ ಎದ್ದು ಬಿಟ್ಟುಹೋಯಿತು. ಬಟ್ಟಿ ಇಳಿಸಿದ ನೀರು ಸುರಿದು ತೊಳೆದೆ. ಬಾಟಲಿಯ ತಳದಲ್ಲಿ ಉಳಿದಿದ್ದ ಉಪ್ಪಿನ ದ್ರಾವಣವನ್ನು ಒಂದು ಗ್ಲಾಸಿಗೆ ಬಗ್ಗಿಸಿ, ಕಡ್ಡಿಯನ್ನು ಅದರಲ್ಲಿ ನಿಲ್ಲಿಸಿ ಮನೆಗೆ ಬಂದೆ.

ಮಾರನೆಯ ದಿನ ನೋಡಿದರೆ, ಮೀಟರು ಸರಿಯಿದೆಯೋ ಎಂದು ನೋಡಲು ಇಟ್ಟಿದ್ದ, ನಾಲ್ಕು ತೋರಿಸಬೇಕಾದ ದ್ರಾವಣದಲ್ಲಿ ಆರರ ಹತ್ತಿರ ನಿಂತಿತು. ಮತ್ತೆ ನೆನೆಹಾಕಿದೆ. ಅತ್ತೆ ಒಲೆಯ ಮುಂದೆ ಕೂತು ಕೇಳಿದರು:

"ನಾ ತಿಕ್ಕಿದ್ದಕ್ಕ ಕೆಟ್ಟತೇನ?"

"ಒಣಗೇತ್ರಿ" ಎಂದೆ. ರೊಟ್ಟಿ ಬಡಿಯುವುದು ನಿಂತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಬೇಸ್ತವಾರ ಬೆಳಿಗ್ಗೆ ಖೋಲಿಗೆ ಹೋಗುವಷ್ಟರಲ್ಲಿ ಲಾರಿ ಬಂದು ನಿಂತಿತ್ತು. ಹಮಾಲರು ಬೀಡಿ ಸೇದುತ್ತಿದ್ದರು. ಮಸೂತಿಯ ಕಾಕಾ ಸೀಸೆ ಹಿಡಿದು ಕಟ್ಟೆಯ ಮೇಲೆ ಕೂತಿದ್ದರು. ಅತ್ತೆಯೂ ನನ್ನ ಹಿಂದೆಯೇ ಬಂದಿದ್ದರು.

ಏಳರ ದ್ರಾವಣ ಏಳು ತೋರಿಸಿತು. ನಾಲ್ಕರದಕ್ಕೆ ಅದ್ದಿದೆ. ಅಂಕಿ ಇಳಿಯತೊಡಗಿತು. ಆರು, ಐದೂವರೆ, ಐದು. ನಡುವೆ ನಿಲ್ಲುತ್ತಿತ್ತು, ಮತ್ತೆ ಇಳಿಯುತ್ತಿತ್ತು.

"ಮುದುಕಿ ಮೆಟ್ಟಲಾ ಇಳಿದಂಗ ಇಳ್ಯಾಕತ್ತೈತಲ್ರಿ ವೈನಿ" ಎಂದ ಮೈದುನ.

"ಬಾಯಿ ಮುಚ್ಕೊಂಡ ನಿಂದರೋ" ಎಂದರು ಅತ್ತೆ.

ನಾಲ್ಕಕ್ಕೆ ಬಂತು. ನಿಂತಿತು. ಕಡ್ಡಿ ತೊಳೆದು ಕಾಕಾನ ನೀರಿಗೆ ಅದ್ದಿದೆ. ಅಲ್ಲೂ ಅಂಕಿ ಅವಸರ ಮಾಡಲಿಲ್ಲ. ಕಡೆಗೆ ಎಂಟನ್ನು ದಾಟಿ ನೆಲೆ ನಿಂತಿತು.

"ನೀರ ಸುಣ್ಣದ ಕಡೆ ಐತ್ರಿ ಕಾಕಾ. ಔಷಧದ ಕಸುವ ಕಡಿಮಿ ಮಾಡ್ತೈತಿ. ನೀರಿನ ಗುಣ ಸರಿ ಮಾಡ್ಕೊಂಡ ಆಮ್ಯಾಲ ಔಷಧ ಕಲಸ್ರಿ."

"ನಂಗ ಮೊದಲ ಸಂಶೆ ಇತ್ತ ನೋಡ್ರಿ!" ಎಂದು ಕಾಕಾ ತೊಡೆ ತಟ್ಟಿಕೊಂಡರು.

ಮೈದುನ ಹೊರಗೆ ಹೋಗಿ ಹಮಾಲರಿಗೆ ಕೂಗಿದ: "ಇಲ್ಲಿ ಬ್ಯಾಡ್ರೋ, ಮನೀ ಪಡಸಾಲ್ಯಾಗ ಇಳಸ್ರಿ." ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ನನಗೂ ಏನಾದರೂ ಆಗಬಹುದೆಂದು ಕಾದೆ. ಏನೂ ಆಗಲಿಲ್ಲ. ಟೋಪಿಗೆ ದ್ರಾವಣ ತುಂಬಿ ಗುಂಡಿಗೆ ಹಾಕಿದೆ. ಬಾಗಿಲಲ್ಲಿ ಮತ್ತೊಬ್ಬರು ಮಣ್ಣಿನ ಗಂಟು ಹಿಡಿದು ನಿಂತಿದ್ದರು. ಒಳಗೆ ಬರ್ರಿ ಎಂದೆ.