ಒಂದೇ ಒಲೆಯವರ ಪಂದ್ಯ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರಾ ತೊಂಬತ್ತೇಳರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ದಡ್ಡನಾಗಿ ಬಿಟ್ಟೆ ಅಂತ ಯಾರೂ ತಿಳಿಯಬಾರದು. ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಆ ಕ್ಲಾಸಿನಲ್ಲಿ ಇರಲಿಲ್ಲ. ಬಿಟ್ಟ ಕಾರಣವೇ ಬೇರೆ. ಮೊನ್ನೆ ದಾವಣಗೆರೆ ಮಂಡಿಪೇಟೆಯ ನನ್ನ ಅಂಗಡಿಗೆ ಒಬ್ಬ ಲಾರಿ ಡ್ರೈವರು ಹರಿದ ತಾಡಪಾಲು ತಂದು ಎಸೆದ. ಒದ್ದೆಯಲ್ಲೇ ಮಡಚಿ ತಿಂಗಳುಗಟ್ಟಲೆ ಇಟ್ಟಿದ್ದ ಬಟ್ಟೆ. ಮಡಿಕೆ ಬಿಚ್ಚಿದ್ದೇ ತಡ, ಮೇಣ, ಪಾಚಿ, ಕೊಳೆತ ನೀರು ಎಲ್ಲ ಒಂದಾದ ವಾಸನೆ ಮೂಗಿಗೆ ಬಡಿಯಿತು. ಮಳೆಗಾಲ ಮುಗಿದು ತುಂಗಭದ್ರೆ ಇಳಿಯುವಾಗ, ಬಂಡೆಗಳು ಒಂದೊಂದಾಗಿ ಬೆನ್ನು ತೋರಿಸುವಾಗ, ಹರಿಹರದ ನಮ್ಮ ಮನೆಯ ಹಿತ್ತಲಿಗೆ ಬರುತ್ತಿದ್ದ ವಾಸನೆ ಅದೇ. ಸೂಜಿ ಕೆಳಗಿಟ್ಟೆ. ಒಡೆದ ಮನೆಯಿಂದ ಬಂದವರು ನಿಮ್ಮಲ್ಲೂ ಇದ್ದೀರಿ. ಇಂಥ ವಾಸನೆ ಬಂದರೆ ಆ ದಿನದ ಕೆಲಸ ಕೆಟ್ಟಂತೆಯೇ ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ.

ಹೊಳೆಗೆ ಇಳಿಯುವ ಓಣಿಯಲ್ಲಿ ಕೊನೆಯದು ನಮ್ಮ ಮನೆ. ಮಣ್ಣಿನ ಮಾಳಿಗೆ, ನಡುವೆ ಪಡಸಾಲೆ, ಹಿಂದೆ ಹೊಗೆಗೆ ಕಪ್ಪಾದ ಅಡಿಗೆಮನೆ, ಅದರ ಹಿಂದೆ ಹೊಳೆ ಕಾಣುವ ಹಿತ್ತಲು. ಅಜ್ಜಿ, ಅಪ್ಪ, ಅವ್ವ, ಅಪ್ಪನ ತಮ್ಮ ಪರಸಪ್ಪ ಕಾಕ, ನಾನು. ಐದು ಜನ, ಒಂದು ಒಲೆ. ಅವ್ವ ರೊಟ್ಟಿ ಬಡಿಯುವ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು, ಕಾಕ ಹಿತ್ತಲಲ್ಲಿ ದೋಣಿಗೆ ಉಜ್ಜುಕಾಗದ ಉಜ್ಜುವ ಸದ್ದಿಗೆ ನಾನು ಹಾಸಿಗೆ ಬಿಡುತ್ತಿದ್ದೆ. ಅಪ್ಪನಿಗೆ ಭಾನುವಳ್ಳಿ ಹತ್ತಿರ ಕಾಲುವೆ ನೀರಿನ ಎರಡೆಕರೆ ಗದ್ದೆ ಇತ್ತು. ಮದುವೆಯಾಗದ ಕಾಕನಿಗೆ ಹೊಳೆ ಇತ್ತು. ನಮ್ಮದು ಕೈ ಮುಂದಾದ ಮನೆ. ಅಜ್ಜಿ ಸೌಟಿನಿಂದ ಹೊಡೆಯುತ್ತಿದ್ದಳು, ಅಪ್ಪ ಬಾರುಕೋಲಿನಿಂದ, ಕಾಕ ಅಂಗೈಯಿಂದ. ಹೊಡೆದು ಮುಗಿದ ಮೇಲೆ ಹೊಡೆದವರೂ ಹೊಡೆಸಿಕೊಂಡವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದೆವು. ನನ್ನ ಬಾಸುಂಡೆಗೆ ಅಜ್ಜಿ ಎಣ್ಣೆ ಸವರುವಾಗ, "ಸವರು, ಸವರು, ನಾಳೆಗೆ ಜಾಗ ಮೆತ್ತಗಿರ್ಲಿ" ಅಂತ ಕಾಕ ನಗುತ್ತಿದ್ದ.

ಹೊಳೆಯ ಸ್ನಾನಘಟ್ಟದ ಪಕ್ಕ ಒಂದು ತಗಡಿನ ಶೆಡ್ಡು. ಅದೇ ನಮ್ಮ ಹೊಳೆ ಕ್ಲಬ್ಬು. ಹಿಂದೆ ಯಾರೋ ಇಂಜಿನಿಯರು ರಜೆಯ ಖುಷಿಗೆ ನಾಲ್ಕು ಸಣ್ಣ ಹಾಯಿದೋಣಿ ಮಾಡಿಸಿದ್ದರಂತೆ, ವರ್ಗವಾದಾಗ ಊರವರಿಗೇ ಬಿಟ್ಟು ಹೋದರಂತೆ. ಪ್ಲೈವುಡ್ಡಿನ ಮೈ, ಒಂದು ಕಂಬ, ಒಂದು ಹಾಯಿ, ಇಬ್ಬರಿಗೆ ಜಾಗ. ಒಬ್ಬ ಹಿಂದೆ ಕೂತು ಚುಕ್ಕಾಣಿ ಹಿಡಿಯಬೇಕು, ಇನ್ನೊಬ್ಬ ಹಾಯಿಯ ಹಗ್ಗ ಜಗ್ಗಿ ಹಿಡಿದು ಗಾಳಿಯ ಕಡೆಗೆ ಮೈ ಚೆಲ್ಲಬೇಕು. ಕೆಂಪು ನೀರು ತಿಳಿಯಾದ ಮೇಲೆ ಭಾನುವಾರ ಭಾನುವಾರ ಪಂದ್ಯ. ಎಳ್ಳಮಾವಾಸ್ಯೆಯ ಹಿಂದಿನ ಭಾನುವಾರ ಕಡೇ ಪಂದ್ಯ. ಆಮೇಲೆ ಬಂಡೆಗಳು ಬಿಡುತ್ತಿರಲಿಲ್ಲ. ಅದರಲ್ಲಿ ಗೆದ್ದವರ ಹಿತ್ತಲಲ್ಲಿ ಆ ನಾಲ್ಕರಲ್ಲೇ ಚೆಂದದ ಕೆಂಪಿ ಅನ್ನೋ ದೋಣಿ ಮುಂದಿನ ಮಳೆಗಾಲದವರೆಗೆ ಬೋರಲು ಮಲಗಿರುತ್ತಿತ್ತು, ಹಸು ಕಟ್ಟಿದ ಹಾಗೆ. ಆರು ವರ್ಷ ಅಪ್ಪ, ಕಾಕ ಜೋಡಿಯಾಗಿ ಅದನ್ನು ನಮ್ಮ ಹಿತ್ತಲಿಗೇ ತಂದಿದ್ದರು. ಅಪ್ಪನ ಸೊಂಟ ಹಿಡಿದ ಮೇಲೆ ಹಗ್ಗ ನನ್ನ ಕೈಗೆ ಬಂತು.

ಕಡೇ ಪಂದ್ಯಕ್ಕೆ ಒಂದು ಕಟ್ಟಳೆ ಇತ್ತು: ದೋಣಿಯ ಇಬ್ಬರೂ ಒಂದೇ ಒಲೆಯಲ್ಲಿ ಉಣ್ಣುವವರಾಗಿರಬೇಕು. ಕ್ಲಬ್ಬಿನ ಹಿರಿಯರು ಶಂಕ್ರಪ್ಪನವರು, ರಿಟೈರಾದ ಫಿಟ್ಟರು. ಅವತ್ತು ಬೆಳಿಗ್ಗೆ ಒಂದೊಂದು ಮನೆಯ ಅಡಿಗೆಮನೆಗೇ ಹೋಗಿ ಕೂತು, ಆ ಒಲೆಯ ಚಹಾ ಕುಡಿದು, ಆಮೇಲೆ ಹೆಸರು ಬರೆಯುತ್ತಿದ್ದರು. ಯಾಕ್ರಿ ಇದು ಅಂತ ನಾನು ಕೇಳಿದ್ದಕ್ಕೆ ಅವರು ಹೇಳಿದ್ದು ನೆನಪಿದೆ: "ಕಡೇ ಪಂದ್ಯದಾಗೆ ಬಂಡೆ ತಾಗೇ ತಾಗ್ತಾವಪ್ಪ. ಬ್ಯಾರೆ ಮನೆಯೋರಾದ್ರೆ ಕೋರ್ಟಿಗೆ ಹೋಗ್ತಾರೆ. ಒಂದೇ ಒಲೆಯೋರಾದ್ರೆ ಮನೆಯಾಗೇ ಹೊಡೆದಾಡ್ತಾರೆ, ಕ್ಲಬ್ಬಿಗೆ ತ್ರಾಸಿಲ್ಲ."

ಆ ವರ್ಷ ಪಂದ್ಯಕ್ಕೆ ನಮ್ಮ ಪಾಲಿಗೆ ಬಂದದ್ದು ಕೆಂಪಿಯೇ, ಆದರೆ ಅದರ ಹಾಯಿ ಚಿಂದಿಯಾಗಿತ್ತು. ನಮ್ಮ ಅಟ್ಟದ ಮೇಲೆ ಎರಡು ತಾಡಪಾಲು ಇದ್ದವು. ಒಂದು ಹಳೇದು, ಇಲಿ ಕಡಿದದ್ದು. ಇನ್ನೊಂದು ಕಣದ ಭತ್ತ ಮುಚ್ಚಲು ಅಪ್ಪ ತಂದ ಹೊಸದು, ತೆಳುವಾದ್ದು. ಕಾಕ ಹೇಳಿದ್ದು ಹಳೇದನ್ನು ಇಳಿಸಲು. ಗಾಳಿ ಹಿಡಿಯುವುದು ತೆಳು ಬಟ್ಟೆಯೇ ಅಂತ ನನಗೆ ಗೊತ್ತಿತ್ತು. ಮಳೆ ಮುಗಿದಿದೆ, ಅಪ್ಪ ಇದನ್ನು ಹುಡುಕೋದು ಬರೋ ವರ್ಷಕ್ಕೆ ಅಂದುಕೊಂಡು ಹೊಸದನ್ನೇ ಎಳೆದು, ಕಾಕ ಘಟ್ಟದಿಂದ ಬರುವುದರೊಳಗೆ ಹಾಯಿಯ ಅಳತೆಗೆ ಕತ್ತರಿಸಿಬಿಟ್ಟಿದ್ದೆ. ಕಾಕ ನೋಡಿ, "ಏನ್ ಮಾಡಿಬಿಟ್ಯೋ ಮಗನೆ" ಅಂದು ತಲೆ ಹಿಡಿದು ಕೂತ. ಇನ್ನು ಕೂಡಿಸಲು ಬರುವುದಿಲ್ಲ ಅಂತ ಇಬ್ಬರೂ ಕೂತು ಹೊಲಿದೆವು. ನಾನು ಕಲಿತ ಮೊದಲ ಹೊಲಿಗೆ ಅದು.

ಎಂಟು ದಿನಕ್ಕೆ ಹೊತ್ತಲ್ಲದ ಹೊತ್ತಿನ ಮಳೆ ಹುಯ್ಯಿತು. ಅಪ್ಪ ಭಾನುವಳ್ಳಿಯಿಂದ ಸೈಕಲ್ ತುಳಿದು ಬಂದು ಅಟ್ಟ ಹತ್ತಿದ, ಬರಿಗೈಯಲ್ಲಿ ಇಳಿದ. ಕಣದಲ್ಲಿ ವರ್ಷದ ಭತ್ತವೆಲ್ಲ ನೆನೆದು ಮೊಳಕೆಯೊಡೆಯಿತು. ಹುಳಿ ನಾತ ಹೊಡೆಯುವ ಒಂದು ಹಿಡಿ ಮೊಳಕೆ ಭತ್ತ ತಂದು ಪಡಸಾಲೆಯಲ್ಲಿ ಸುರಿದು, "ಯಾರು ಕತ್ತರಿಸಿದ್ದು" ಅಂದ. ನಾನು ಬಾಗಿಲ ಮರೆಯಲ್ಲಿದ್ದೆ. "ನಾನೇ ಅಣ್ಣ" ಅಂದ ಕಾಕ. ಬಾರುಕೋಲು ಮೊದಲ ಏಟಿಗೇ ಅಂಗಿ ಸೀಳಿತು. ಕಾಕ ಕೈ ಅಡ್ಡ ತರಲಿಲ್ಲ. ಪ್ರತಿ ಏಟಿಗೂ ನನ್ನ ಕಡೆ ನೋಡಿ, ಬ್ಯಾಡ ಅನ್ನುವಂತೆ ತಲೆ ಅಲ್ಲಾಡಿಸುತ್ತಿದ್ದ. ಎಷ್ಟು ಏಟು ಅಂತ ಎಣಿಸದೆ ಇದ್ದ ಲೆಕ್ಕ ನನ್ನ ಜೀವನದಲ್ಲಿ ಅದೊಂದೇ. ನಾನು ಬಾಯಿ ಬಿಡಲಿಲ್ಲ.

ಮರುದಿನ ಅಪ್ಪನ ಮಾತಿನಂತೆ ಅವ್ವ ಹಿತ್ತಲ ಗೋಡೆಗೆ ಹೊಂದಿಸಿ ಹೊಸ ಒಲೆ ಹೂಡಿದಳು. ಹಳೇ ಒಲೆಯಲ್ಲಿ ಅಜ್ಜಿ, ಕಾಕ. ಹೊಸದರಲ್ಲಿ ನಾವು ಮೂವರು. ಒಂದೇ ಮಾಳಿಗೆಯಿಂದ ಎರಡು ಹೊಗೆ ಎದ್ದವು. ಅಜ್ಜಿ ಎರಡು ಕಡೆಯೂ ಉಣ್ಣಲಾರದೆ ಬಾಗಿಲಲ್ಲಿ ಕೂತಿರುತ್ತಿದ್ದಳು. ಕಾಕ ನನಗೆ ಗುಟ್ಟಾಗಿ ಹೇಳಿದ: "ಕೆಂಪಿ ಒಂದು ನಮ್ಮ ಹಿತ್ತಲಿಗೆ ಬರ್ಲಿ. ನಿಮ್ಮಪ್ಪ ಅದರಾಗೆ ಆರು ವರ್ಷ ನನ್ನ ಜೊತೆ ಕೂತೋನು. ಕಣ್ಮುಂದೆ ಇದ್ರೆ ಸಿಟ್ಟು ಇಳೀತೈತೆ, ಮನಿ ಒಂದಾಕೈತೆ." ನಾನು ನಂಬಿದೆ. ನಿಜ ಹೇಳಿ ಏಟು ತಿನ್ನುವುದಕ್ಕಿಂತ ಪಂದ್ಯ ಗೆಲ್ಲುವುದು ನನಗೆ ಸುಲಭ ಕಂಡಿತು. ಅಜ್ಜಿಯೂ ಹೊರಗೆ ಕೂತು ಕಾಕನ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು.

ಪಂದ್ಯದ ಬೆಳಿಗ್ಗೆ ಅಪ್ಪ ಗದ್ದೆಗೆ ಹೋಗಿದ್ದ, ಅವ್ವ ಹೊಸ ಒಲೆಯ ಮೇಲೆ ಎಸರಿಟ್ಟು ನೀರಿಗೆ ಹೋಗಿದ್ದಳು. ಅಜ್ಜಿ ಒನಕೆ ಎತ್ತಿಕೊಂಡು ಹೋಗಿ ಉರಿಯುತ್ತಿದ್ದ ಒಲೆಯನ್ನು ಕುಟ್ಟಿ ಪುಡಿ ಮಾಡಿದಳು. ಗಡಿಗೆ ಒಡೆದು ಕುದಿವ ನೀರು ಅವಳ ಪಾದದ ಮೇಲೇ ಹರಿಯಿತು. ಶಂಕ್ರಪ್ಪನವರು ಬಂದಾಗ ಸುಟ್ಟ ಪಾದವನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಕೂಡ್ರಿ, ಇರೋದು ಒಂದೇ ಒಲಿ, ನೋಡ್ಕೊಳ್ರಿ" ಅಂತ ಹಳೇ ಒಲೆಯ ಚಹಾ ಕೊಟ್ಟಳು. ಅವರು ಕುಡಿದರು, ನಮ್ಮ ಹೆಸರು ಬರೆದರು. ಹೋದ ಮೇಲೆ ಅವ್ವ ಬಂದಳು. ಕೊಡ ಇಳಿಸಲೇ ಇಲ್ಲ, ಅಜ್ಜಿಯ ಮೇಲೆಯೇ ಎಸೆದಳು. ಇಬ್ಬರೂ ಕೂದಲು ಹಿಡಿದು ಬೂದಿಯಲ್ಲಿ ಉರುಳಾಡುವುದನ್ನು ಬಿಡಿಸಲು ಹೋಗಿ ನನ್ನ ಕೆನ್ನೆಗೆ ಅವ್ವನ ಉಗುರು ಗೀರಿತು. ಯಾರೋ ಅಪ್ಪನಿಗೆ ಸುದ್ದಿ ಮುಟ್ಟಿಸಲು ಓಡಿದರು. ಕಾಕ ನನ್ನ ರಟ್ಟೆ ಹಿಡಿದು ಘಟ್ಟಕ್ಕೆ ಎಳೆದುಕೊಂಡು ಹೋದ.

ಅವತ್ತು ಮೂಡಗಾಳಿ ಹೊಳೆಗೆ ಅಡ್ಡಡ್ಡ ಬೀಸುತ್ತಿತ್ತು. ಘಟ್ಟದಿಂದ ಹಳೇ ಸೇತುವೆಯ ಹತ್ತಿರ ತೇಲಿಬಿಟ್ಟ ನೀಲಿ ಡ್ರಮ್ಮಿನವರೆಗೆ ಹೋಗಿ, ಅದನ್ನು ಸುತ್ತಿ ಬರಬೇಕು. ಡ್ರಮ್ಮಿನವರೆಗೆ ನಮ್ಮ ಪಕ್ಕದಲ್ಲೇ ಇದ್ದದ್ದು ಅಕ್ಕಿ ಮಿಲ್ಲಿನ ರುದ್ರೇಶಿ ಮತ್ತು ಅವನ ತಮ್ಮ. "ಏನ್ ಪರಸಣ್ಣ, ನಿಮ್ಮ ಮನ್ಯಾಗೆ ಎರಡು ಕಡೆ ಹೊಗೆ ಏಳ್ತೈತಂತೆ, ಹಾಯಿನೂ ಪಾಲಾತೇನು" ಅಂದ ರುದ್ರೇಶಿ. "ನಿನ್ನ ಅಕ್ಕಿಯಾಗಿನ ಕಲ್ಲು ಆರಿಸ್ಕೋ ಹೋಗಲೇ" ಅಂದ ಕಾಕ. ತಿರುವಿನಲ್ಲಿ ಅವರು ಬೇಕಂತಲೇ ದೋಣಿಯನ್ನು ನಮ್ಮ ಪಕ್ಕೆಗೆ ಗುದ್ದಿದರು. ಪ್ಲೈವುಡ್ಡು ಬಿರಿಯಿತು. ರುದ್ರೇಶಿ ಹುಟ್ಟು ಎತ್ತಿ ಬೀಸಿದ್ದು ಕಾಕನ ಹುಬ್ಬಿಗೆ ಬಿತ್ತು. ಕಾಕ ಒಂದು ಕೈ ಚುಕ್ಕಾಣಿಯ ಮೇಲೇ ಇಟ್ಟುಕೊಂಡು ಇನ್ನೊಂದರಿಂದ ಆ ಹುಟ್ಟನ್ನು ಕಿತ್ತುಕೊಂಡು ಅವನ ಎದೆಗೆ ತಿವಿದ. ಅವನು ನೀರಿಗೆ ಬಿದ್ದ, ಅವನ ತಮ್ಮ ಅವನನ್ನು ಎತ್ತಿಕೊಳ್ಳುವಷ್ಟರಲ್ಲಿ ನಾವು ತಿರುಗಿದ್ದೆವು. ಆ ತೆಳು ಹಾಯಿ ಹೊಟ್ಟೆ ತುಂಬ ಗಾಳಿ ಕುಡಿಯಿತು. ಕಾಕನ ರಕ್ತ ಗಾಳಿಗೆ ಹಾರಿ ನನ್ನ ಬೆನ್ನಿಗೆ ಬೆಚ್ಚಗೆ ಸಿಡಿಯುತ್ತಿತ್ತು, ಹಗ್ಗ ನನ್ನ ಅಂಗೈ ತೊಗಲು ಸುಲಿಯುತ್ತಿತ್ತು. ಹಿಂದೆ ಯಾರೂ ಇರಲಿಲ್ಲ. ಅಷ್ಟು ಸುಖ ನಾನು ಆಮೇಲೆ ಕಂಡಿಲ್ಲ. ಬೇಕಾದರೆ ನಗಿ.

ಘಟ್ಟದ ಮುಂದೆ ಅಪ್ಪ ಸೊಂಟದ ನೀರಿನಲ್ಲಿ ನಿಂತಿದ್ದ. ಕೈಯಲ್ಲಿ ಕೊಡಲಿ. ಕೆಂಪಿಯ ಮೂತಿ ಹತ್ತಿರ ಬಂದದ್ದೇ ಹಾಯಿಯ ಕಂಬಕ್ಕೆ ಬೀಸಿದ. ಮೊದಲ ಏಟಿಗೆ ಚಕ್ಕೆ ಹಾರಿತು. "ಬ್ಯಾಡ ಅಣ್ಣ, ಇದು ನಿಂದೂ ಹೌದು" ಅಂತ ಕಾಕ ಮುಂದೆ ಬಗ್ಗಿ ಕಂಬವನ್ನು ತಬ್ಬಿ ಹಿಡಿದ. ಎರಡನೇ ಏಟು ಕೈಯ ಮೇಲೆ ಬಿತ್ತು. ಎರಡು ಬೆರಳು ದೋಣಿಯೊಳಗೇ ಬಿದ್ದವು, ನನ್ನ ಕಾಲ ಹತ್ತಿರ. ಅಪ್ಪ ಅದನ್ನು ನೋಡಿದ, ನೋಡಿಯೂ ಕೊಡಲಿ ಎತ್ತಿದ. ನಾನು ಚುಕ್ಕಾಣಿಯ ಹಿಡಿ ಕಿತ್ತುಕೊಂಡು ಅಪ್ಪನ ಕಿವಿಯ ಮೇಲೆ ಇದ್ದ ಬಲವೆಲ್ಲ ಹಾಕಿ ಹೊಡೆದೆ. ಅವನು ಕೂತುಬಿಟ್ಟ, ನೀರು ಅವನ ಗದ್ದದವರೆಗೆ ಬಂತು. ಆ ಗಳಿಗೆಯಲ್ಲಾದರೂ ಕತ್ತರಿಸಿದ್ದು ನಾನು ಅಂತ ಹೇಳಬಹುದಿತ್ತು. ಹೇಳಲಿಲ್ಲ. ಒಲೆ ಒಡೆದ ಸುದ್ದಿ ಅಷ್ಟರಲ್ಲಿ ಘಟ್ಟಕ್ಕೂ ಮುಟ್ಟಿತ್ತು; ಶಂಕ್ರಪ್ಪನವರು ಹೆಸರು ಬರೆದ ಹಾಳೆಯನ್ನು ಹರಿದು, "ಸುಳ್ಳು ಒಲೆಯ ಚಹಾ ಕುಡಿದೆ ನಾನು" ಅಂತಷ್ಟೇ ಹೇಳಿ ನೀರಿಗೆ ಬಿಟ್ಟರು.

ಅಪ್ಪನ ಮೇಲೆ ಕೈ ಮಾಡಿದ ಮಗ ಆ ಮನೆಯಲ್ಲಿ ಇರುವಂತಿರಲಿಲ್ಲ. ಸೋಮವಾರ ನಾನು ಶಾಲೆಗೆ ಹೋಗಲಿಲ್ಲ, ದಾವಣಗೆರೆ ಬಸ್ಸು ಹತ್ತಿ ತಾಡಪಾಲು ಹೊಲಿಯುವವರ ಹತ್ತಿರ ಕೆಲಸಕ್ಕೆ ನಿಂತೆ. ಅಜ್ಜಿಯ ಪಾದ ಕೀವಾಯಿತು, ಅವಳು ಬೇಸಿಗೆ ಕಾಣಲಿಲ್ಲ. ಅವಳು ಹೋದ ಮೇಲೆ ಮನೆ ಪಾಲಾಯಿತು, ಪಾಲಾದದ್ದು ಮಾರಿಹೋಯಿತು. ಆ ಬೆಳಿಗ್ಗೆಯ ನಂತರ ಕಡೇ ಪಂದ್ಯ ಯಾರೂ ಆಡಲಿಲ್ಲ, ಶೆಡ್ಡಿನ ತಗಡುಗಳನ್ನು ಒಬ್ಬೊಬ್ಬರು ಒಂದೊಂದು ಹೊತ್ತರು. ಕಾಕ ಮೂರು ಬೆರಳಿನ ಕೈಯಲ್ಲೇ ನಂದಿಗುಡಿ ಕಡೆ ನಾಟಿ, ಕೊಯ್ಲು ಅಂತ ಕೂಲಿ ಮಾಡಿಕೊಂಡಿದ್ದ. ನಾನು ಕರೆದರೆ ಬರುತ್ತಿರಲಿಲ್ಲ, ಹೋದರೆ ಊಟ ಹಾಕುತ್ತಿದ್ದ. ಹತ್ತು ವರ್ಷದ ಮೇಲೆ ತೀರಿಕೊಂಡ.

ಮಣ್ಣಿಗೆ ಅಪ್ಪನೂ ಬಂದಿದ್ದ. ಗುಂಡಿಯಿಂದ ದೂರ, ಒಂದು ಜಾಲಿಮರದ ಕೆಳಗೆ ಕೂತಿದ್ದ. ನಾನು ಹೊಡೆದ ಕಿವಿ ಅವನಿಗೆ ಕೇಳುತ್ತಿರಲಿಲ್ಲ, ಇನ್ನೊಂದು ಕಡೆ ಹೋಗಿ ಕೂತು ಜೋರಾಗಿಯೇ ಹೇಳಿದೆ: "ಅಪ್ಪ, ಅವತ್ತು ತಾಡಪಾಲು ಕತ್ತರಿಸಿದ್ದು ನಾನು. ಕಾಕ ಅಲ್ಲ." ಅವನು ನನ್ನ ಕಡೆ ತಿರುಗಲಿಲ್ಲ. "ಗೊತ್ತಿತ್ತು" ಅಂದ. "ನನ್ನ ಮಗನ್ನ ನನ್ನಿಂದ ಕಾಯಾಕೆ ಅವನ್ಯಾರು? ಅದಕ್ಕೇ ಹೊಡೆದೆ" ಅಂದ. ಆಮೇಲೆ ಎದ್ದು ಹೋಗಿ, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದ ಮೇಲೆ, ಸಲಿಕೆ ಇಸಿದುಕೊಂಡು ಆ ಗುಂಡಿ ಪೂರ್ತಿ ತಾನೊಬ್ಬನೇ ಮುಚ್ಚಿದ. ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ.

ಅಪ್ಪ ಹೋಗಿ ಈಗ ಆರು ವರ್ಷ, ಅವನಿಗಿಂತ ಮುಂಚೆ ಅವ್ವ. ಇಷ್ಟು ವರ್ಷದಲ್ಲಿ ನಾನು ಯಾರ ಮುಂದೂ ಕೈಯೊಡ್ಡಿಲ್ಲ, ಯಾರ ಮೇಲೂ ಕೈಯೆತ್ತಿಲ್ಲ. ಮೂರು ಹೊಲಿಗೆ ಮಷಿನ್ನು ಇವೆ. ಕೆಲಸದವರು ನಾಲ್ಕು ಜನ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಎರಡು ಕೋಣೆಯ ಮನೆ, ಒಂದು ಸ್ಕೂಟರು. ಹರಿಹರದಲ್ಲಿ ಏನೂ ಇಲ್ಲ.