ಐದರ ನಂತರದ ಸಾಲುಗಳು

ವಾಡಿಯಲ್ಲಿ ವೈರ್‌ಮನ್ ಆಗಿ ದುಡಿದು ನಿವೃತ್ತನಾದ ಮೇಲೆ, ಪುಸ್ತಕ ಓದಿ, ತಪ್ಪು ಮಾಡಿ, ಮತ್ತೆ ಓದಿ ನಾನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಗುರುಗಳಿರಲಿಲ್ಲ, ಇದ್ದಿದ್ದರೆ ಅವರೊಡನೆ ಜಗಳವಾಗುತ್ತಿತ್ತು. ಯಾರೋ ಹೇಳಿದರೆಂದು ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ. ಪ್ರತಿ ಹಾಳುಗೋಡೆಯ ಕೆಳಗೂ ಸುರಂಗವಿದೆ ಎನ್ನುವವರು ಶಹಾಬಾದಿನಿಂದ ಚಿಂಚೋಳಿಯವರೆಗೂ ಇದ್ದಾರೆ. ಅದರ ಬಾಯಿ ಎಲ್ಲಿದೆ, ತೋರಿಸಿ ಎಂದು ಕೇಳಿ ಹಲವರ ಮುನಿಸು ಕಟ್ಟಿಕೊಂಡಿದ್ದೇನೆ.

ಸೇಡಂನ ಒಂದು ತೊಗರಿಬೇಳೆ ಮಿಲ್ಲಿಗೆ ನಾನು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅಲ್ಲಿ ಬೇಳೆಯ ಬಣ್ಣ ನೋಡಿ, ಕಪ್ಪಾದದ್ದನ್ನು ಗಾಳಿಯಿಂದ ಊದಿ ಹೊರಹಾಕುವ ಯಂತ್ರವಿದೆ. ಯಂತ್ರದಲ್ಲಿ ಏನು ನಡೆದರೂ ಪ್ರೋಗ್ರಾಂ ಅದನ್ನು ವೇಳೆಯೊಡನೆ ಒಂದು ಸಾಲಾಗಿ ಕಡತದಲ್ಲಿ ಬರೆದಿಡುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ಬರೆದಿಡುವ ಕೆಲಸ ಮಾಡುವ ಲೈಬ್ರರಿ, ಅಂದರೆ ಸಿದ್ಧವಾಗಿ ಸಿಗುವ ಪ್ರೋಗ್ರಾಂ ಭಾಗ, ಬೇರೆ ಯಾರೋ ಬರೆದದ್ದು. ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬ ನಿಯಮಗಳು ಮಾತ್ರ ನನ್ನವು.

ಕಳೆದ ಚಳಿಗಾಲದಲ್ಲಿ ಮಿಲ್ಲಿನಿಂದ ಹೋದ ಒಂದು ಲಾರಿ ಬೇಳೆ, ಕಪ್ಪು ಕಾಳು ಬಹಳವಿದೆಯೆಂದು ವಾಪಸು ಬಂತು. ಯಂತ್ರ ನೋಡಿಕೊಳ್ಳುತ್ತಿದ್ದವಳು ಆಡಕಿಯಿಂದ ದಿನಾ ಬಸ್ಸಿನಲ್ಲಿ ಬರುವ ಹೆಂಗಸು. ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ಸೇರಿ, ಐದಾರು ವರ್ಷ ನೋಡಿ ನೋಡಿಯೇ ಯಂತ್ರವನ್ನು ಕಲಿತವಳು. ಕಪ್ಪು ಕಾಳನ್ನು ಊದುವ ಗಾಳಿಯ ಒತ್ತಡ ದಿನವಿಡೀ ಬೀಳುತ್ತಿತ್ತು ಎಂದು ಅವಳು ಹೇಳಿದಳು. ಮಾಲೀಕರು ನನಗೆ ಫೋನ್ ಮಾಡಿ ವಿಚಾರಿಸಿದರು. ನಾನು ಮನೆಯಲ್ಲಿ ಕುಳಿತೇ ಆ ದಿನದ ಕಡತ ತೆರೆದು ನೋಡಿ, ಬೆಳಿಗ್ಗೆ ಐದು ಸಲ ಬಿದ್ದಿದೆ, ಆಮೇಲೆ ಇಲ್ಲ ಎಂದೆ. ಕಡತ ಸುಳ್ಳು ಹೇಳುವುದಿಲ್ಲ ಎಂದೂ ಸೇರಿಸಿದೆ. ಆ ಒಂದು ಮಾತಿನ ಮೇಲೆ, ಸೋಮವಾರದಿಂದ ಅವಳನ್ನು ಯಂತ್ರದಿಂದ ತೆಗೆದು ಮತ್ತೆ ಚೀಲ ಹೊಲಿಯುವುದಕ್ಕೆ ಹಾಕುವುದೆಂದು ತೀರ್ಮಾನವಾಯಿತು.

ಶನಿವಾರ ಬೆಳಿಗ್ಗೆ ಬೇರೊಂದು ಕೆಲಸದ ಮೇಲೆ ಮಿಲ್ಲಿಗೆ ಹೋದೆ.

"ಬರ್ರಿ ಕಾಕಾ, ಕುಂದ್ರಿ," ಎಂದಳು ಅವಳು, ಯಂತ್ರದಿಂದ ಕಣ್ಣು ಕೀಳದೆ. "ನಿಮ್ಮ ಕಂಪ್ಯೂಟರ್ ನನ್ನ ಮ್ಯಾಲ ಸಾಕ್ಷಿ ಹೇಳ್ಯದಂತ."

"ಅದರಾಗ ಐದೇ ಸಲ ಅದ, ಯವ್ವಾ."

"ಒತ್ತಡ ಬಿದ್ದಾಗೊಮ್ಮೆ ಕಾಳು ಬಂದ್ ಮಾಡೋದು, ಏರಿದ ಮ್ಯಾಲ ಬಿಡೋದು. ಆವತ್ತು ಒಂದು ಚಣ ಕುಂತಿಲ್ರಿ ನಾ. ಜನ ಹೇಳೋ ಸುರಂಗ ನಂಬಂಗಿಲ್ಲ ಅಂತೀರಿ, ಇದನ್ನ ಹ್ಯಾಂಗ ನಂಬಿದ್ರಿ?"

ಆಫೀಸಿನಲ್ಲಿ ಕುಳಿತು ಇಡೀ ವಾರದ ಕಡತಗಳನ್ನು ತೆಗೆದೆ. ಸೋಮವಾರ ಐದು. ಮಂಗಳವಾರ ಐದು. ಬುಧವಾರವೂ ಐದೇ. ಆಯುಷ್ಯವಿಡೀ ಕೆಟ್ಟ ತಂತಿ, ಕೆಟ್ಟ ಮೋಟಾರುಗಳ ನಡುವೆ ಕಳೆದವನು ನಾನು; ಕೆಟ್ಟ ವಸ್ತುವಿಗೆ ಇಂಥ ಶಿಸ್ತು ಇರುವುದನ್ನು ಕಂಡಿಲ್ಲ. ಈ ಐದನ್ನು ಯಾರೋ ಮನುಷ್ಯನೇ ಇಟ್ಟಿರಬೇಕು ಅನ್ನಿಸಿತು.

ನಿಯಮಗಳ ಕಡತ ತೆರೆದರೆ ಆ ಮನುಷ್ಯ ನಾನೇ. ಲೈಬ್ರರಿಯಲ್ಲಿ ಫಿಲ್ಟರ್ ಎಂಬುದಿದೆ. ಪ್ರತಿ ಸಾಲನ್ನೂ ಬರೆಯುವ ಮುನ್ನ ಅದು ಜರಡಿಯಂತೆ ಹಿಡಿದು, ಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಒಂದೇ ಸಾಲು ಮತ್ತೆ ಮತ್ತೆ ಬಂದು ಉಳಿದ ಸಾಲುಗಳು ಕಣ್ಣಿಗೆ ಬೀಳದಂತಾಗಿದ್ದಾಗ, ಐದು ಸಲದ ನಂತರ ಅದನ್ನು ಕೈಬಿಡು ಎಂದು ಮೊದಲ ತಿಂಗಳಲ್ಲೇ ಬರೆದು ಮರೆತಿದ್ದೆ. ಪ್ರತಿದಿನ ಬೆಳಿಗ್ಗೆ ಯಂತ್ರ ಚಾಲೂ ಆದಾಗ ಎಣಿಕೆ ಹೊಸದಾಗಿ ಶುರುವಾಗುತ್ತಿತ್ತು.

ಮಾಲೀಕರ ಮುಂದೆ ಹೋಗಿ ನಿಂತೆ. "ತಪ್ಪು ನಂದರಿ. ಆಕೀದಲ್ಲ. ಐದರ ಮ್ಯಾಲಿನ ಸಾಲು ಬರೀಬ್ಯಾಡ ಅಂತ ನಾನೇ ಹಾಕಿದ್ದೆ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಿಮ್ಮ ಬಾಯಾಗ ಈ ಮಾತು ಕೇಳಲಿಕ್ಕ ಒಂದು ಲಾರಿ ಬೇಳೆ ವಾಪಸ್ ಬರಬೇಕಾಯ್ತು ನೋಡ್ರಿ. ಇರ್ಲಿ, ಬಾಕಿ ಸಾಲು ತೋರಸ್ರಿ."

ತೋರಿಸಲು ಏನೂ ಇರಲಿಲ್ಲ. ಫಿಲ್ಟರ್ ಕೈಬಿಟ್ಟ ಸಾಲು ಎಲ್ಲಿಯೂ ಉಳಿಯುವುದಿಲ್ಲ. ಹೋದ ದಿನಗಳ ಸಾಕ್ಷಿ ಹೋಗಿಯೇ ಬಿಟ್ಟಿತ್ತು; ಇನ್ನು ಇವತ್ತಿನದನ್ನಾದರೂ ಹಿಡಿಯಬೇಕು. ಫಿಲ್ಟರನ್ನು ಪೂರ್ತಿ ತೆಗೆದುಬಿಡುತ್ತೇನೆ, ಆದರೆ ಮತ್ತೆ ಉಳಿದ ಸಾಲುಗಳು ಹುಡುಕಿದರೂ ಸಿಗುವುದಿಲ್ಲ ಎಂದು ಯಂತ್ರದ ಬಳಿ ಹೋಗಿ ಅವಳಿಗೆ ಹೇಳಿದೆ.

"ಮಷಿನ್ ಊದಿ ತೆಗೆದಿದ್ದನ್ನ ನಾವೇನು ತಿಪ್ಪಿಗಿ ಚೆಲ್ತೀವೇನ್ರಿ?" ಎಂದಳು. "ಬ್ಯಾರೆ ಚೀಲಕ್ಕ ಬೀಳ್ತದ. ಸಂಜಿಗಿ ಕೈ ಹಾಕಿ ನೋಡ್ತೀವಿ, ಚೊಲೊ ಬೇಳೆನೂ ಹೋಗ್ಯದೇನು ಅಂತ. ನೀವೂ ಹಂಗೇ ಮಾಡ್ರಿ."

ನಾನು ಓದಿದ ಯಾವ ಪುಸ್ತಕದಿಂದಲೂ ಈ ಮಾತು ನನ್ನ ತಲೆಗೆ ಇಷ್ಟು ಚೆನ್ನಾಗಿ ಹೊಕ್ಕಿರಲಿಲ್ಲ. ಫಿಲ್ಟರ್ ಬೇಡವೆಂದ ಸಾಲುಗಳೆಲ್ಲ ಎರಡನೆಯ ಕಡತಕ್ಕೆ ಬೀಳುವಂತೆ ಬರೆದೆ. ಮಧ್ಯಾಹ್ನದ ಹೊತ್ತಿಗೆ ಮಾಲೀಕರು ಅದನ್ನು ತೆರೆದು ಓದತೊಡಗಿದರು. ಒತ್ತಡ ಕಡಿಮೆ, ಒತ್ತಡ ಕಡಿಮೆ, ಒತ್ತಡ ಕಡಿಮೆ. ಮೂರನೆಯ ಪುಟಕ್ಕೆ ಓದುವುದನ್ನು ನಿಲ್ಲಿಸಿ, ಎದ್ದು ಯಂತ್ರದ ಬಳಿ ಹೋದರು.

"ಸೋಮವಾರನೂ ನೀನೇ ನೋಡ್ಕೋ," ಎಂದರು.

"ಮೊದಲ ಆ ಗಾಳಿ ತುಂಬೋ ಕಂಪ್ರೆಸರ್ ನೋಡಸ್ರಿ ಸಾವ್ಕಾರ್ರೇ. ನನ್ನ ಆಮ್ಯಾಲ ನೋಡೀರಂತ."

ಮೆಕ್ಯಾನಿಕ್ ಬಂದು, ಗೋಡೆಯ ಹಿಂದೆ ಸೀಳಿದ್ದ ಗಾಳಿಯ ಪೈಪನ್ನು ಹುಡುಕಿ ತೆಗೆಯುವವರೆಗೂ ನಾನು ಅಲ್ಲಿಯೇ ಕುಳಿತಿದ್ದೆ. ಮನೆಗೆ ಹೋಗಬೇಕಿದ್ದ ವಾಡಿಯ ಗಾಡಿ ತಪ್ಪಿತು. ಹೊಸ ಪೈಪು ಹಾಕಿದ ಮೇಲೆ ಅವಳು ಕಾಳು ಬಿಟ್ಟಳು. ಬೇಳೆ ಹಳದಿಯಾಗಿ, ಒಂದೇ ಸಮನೆ ಇಳಿಯತೊಡಗಿತು.