ಮೀನುಗುಂಡಿಯ ಪಟೇಲ್ರು

ಒಂದು ಮಾತು ಕೇಳುತ್ತೇನೆ, ನೇರವಾಗಿ ಹೇಳಿ. ಕಣ್ಣೆದುರೇ ಜೀವ ಒದ್ದಾಡುತ್ತಿದ್ದಾಗ, ಮುಟ್ಟಬಾರದು ಅನ್ನುವ ಒಂದೇ ಕಾರಣಕ್ಕೆ ನೀವು ಕೈಕಟ್ಟಿ ನಿಂತದ್ದು ಉಂಟಾ? ನಾನು ನಿಂತಿದ್ದೇನೆ. ನನ್ನ ಜೊತೆ ಇಡೀ ಊರೇ ನಿಂತಿತ್ತು.

ಆಗೆಲ್ಲ ಗೋಣಿಬೀಡಲ್ಲಿ ಬಸ್ಸಿಳಿದು ನಮ್ಮೂರಿಗೆ ನಡೆದು ಬರುವವರು ಬರುತ್ತಿದ್ದದ್ದು ದೇವರ ಮೀನು ನೋಡಲಿಕ್ಕೆ. ಬೇರೆ ಏನಿತ್ತು ನಮ್ಮೂರಲ್ಲಿ ಮಣ್ಣು? ಈಶ್ವರನ ಗುಡಿಯ ಹಿಂದೆ, ಹಳ್ಳ ತಿರುಗುವ ಜಾಗದಲ್ಲಿ ಒಂದು ಆಳದ ಗುಂಡಿ. ಅದರ ತುಂಬ ಮೊಳದುದ್ದದ ಮೀನುಗಳು. ಹಿಡಿಯುವಂತಿಲ್ಲ, ಮುಟ್ಟುವಂತಿಲ್ಲ, ನೀರಿಗೆ ಕಾಲು ಕೂಡ ಇಳಿಸುವಂತಿಲ್ಲ. ಮಂಡಕ್ಕಿ ಹಾಕಬೇಕು, ಕೈಮುಗಿಯಬೇಕು, ಹೋಗಬೇಕು. ಆ ಮಂಡಕ್ಕಿ ಮಾರುತ್ತಿದ್ದವಳು ನನ್ನ ಅವ್ವ.

ಬೆಳಿಗ್ಗೆ ಮೂಟೆ ಇಳಿಸಿದ ಕೂಡಲೇ ಅವ್ವ ಅಳತೆಯ ಪಾವನ್ನು ಕಲ್ಲಿನ ಮೆಟ್ಟಿಲಿಗೆ ಟಕಟಕ ಬಡಿಯುತ್ತಿದ್ದಳು. ಅಷ್ಟಕ್ಕೇ ನೀರು ಕಪ್ಪಾಗುತ್ತಿತ್ತು, ಬರೀ ಮೀನಿನ ಬೆನ್ನು. ಎಲ್ಲ ಬಂದ ಮೇಲೆ ನಿಧಾನಕ್ಕೆ ಬರುತ್ತಿದ್ದದ್ದು ಎಲ್ಲಕ್ಕಿಂತ ದೊಡ್ಡದು, ಬಾಯಿಯ ಒಂದೇ ಪಕ್ಕ ಮೀಸೆ ಉಳಿದದ್ದು. ಅದಕ್ಕೆ ನಾವು ಮಕ್ಕಳು ಪಟೇಲ್ರು ಅಂತ ಹೆಸರಿಟ್ಟಿದ್ದೆವು. ಅವರು ಇವತ್ತು ಬಂಡೆಯ ಯಾವ ಕಡೆಯಿಂದ ಬರುತ್ತಾರೆ ಅಂತ ಹುಣಸೆ ಬೀಜ ಪಂದ್ಯ ಕಟ್ಟುತ್ತಿದ್ದೆವು.

"ಬಂದ್ರು, ಪಟೇಲ್ರು ಬಂದ್ರು!" ಅಂತ ನಾನು ಕುಣಿದರೆ ಅವ್ವನಿಗೆ ಉರಿ.

"ಮೀನಿಗೆ ಬಂದ್ರು, ಹೋದ್ರು. ಹೆತ್ತವ್ಳಿಗೆ ಮಾತ್ರ ಬಾ, ಹೋಗು. ನನ್ ಹಣೆಬರ ಮಾರಾಯ್ತಿ!"

ಸಂಜೆ ಮೂಟೆಯ ತಳದಲ್ಲಿ ಉಳಿದ ಪುಡಿ ಮಂಡಕ್ಕಿಗೆ ಕೊಬ್ಬರಿ ಎಣ್ಣೆ, ಈರುಳ್ಳಿ, ಹಸಿಮೆಣಸು ಬಿದ್ದರೆ ಅದೇ ನಮ್ಮ ತಿಂಡಿ. ಆ ವಾಸನೆ ಈಗಲೂ ಮೂಗಲ್ಲಿದೆ. ಇನ್ನೊಂದು ವಾಸನೆಯೂ ಇದೆ, ಅದನ್ನು ಹೇಳಲಿಕ್ಕೇ ಇಷ್ಟು ಬರೆದದ್ದು.

ಅದು ಕಾಫಿ ಕುಯ್ಲಿನ ಕಾಲ. ಗುಂಡಿಗಿಂತ ಮೇಲೆ ಒಂದು ದೊಡ್ಡ ಎಸ್ಟೇಟು, ಅದರಲ್ಲಿ ಹಣ್ಣು ಕಾಫಿಯ ಸಿಪ್ಪೆ ಸುಲಿದು ತೊಳೆಯುವ ಪಲ್ಪರ್ ಮನೆ. ತೊಳೆದ ನೀರನ್ನು ಒಂದು ಹೊಂಡದಲ್ಲಿ ಕೂಡಿಹಾಕುತ್ತಿದ್ದರು. ಆ ವರ್ಷ ಹಳ್ಳ ಬೇಗ ಸೊರಗಿತ್ತು. ಒಂದು ಬೆಳಿಗ್ಗೆ ಹೊಂಡದ ಏರಿ ಒಡೆದು ಅಷ್ಟೂ ನೀರು ಮೋರಿಯಲ್ಲಿ ನುಗ್ಗಿ ಹಳ್ಳಕ್ಕೆ ಬಿತ್ತು. ನಾವು ಮೂಟೆ ಹೊತ್ತು ಬರುವಾಗಲೇ ವಾಸನೆ. ಹುಳಿ ಬಂದ ಹೆಂಡಕ್ಕೆ ಕೊಳೆತ ಬಾಳೆಹಣ್ಣು ಕಲಸಿದ ಹಾಗೆ.

ಅವ್ವ ಪಾವು ಬಡಿಯುವ ಮೊದಲೇ ಮೀನುಗಳು ಮೇಲೆ ಬಂದಿದ್ದವು. ಎಲ್ಲವೂ. ಬಾಯಿ ನೀರಿನಿಂದ ಹೊರಗಿಟ್ಟು ಪಕ್ ಪಕ್ ಅನ್ನುತ್ತಿದ್ದವು. ಹಸಿದಿವೆ ಅಂದುಕೊಂಡು ನಾನು ಬೊಗಸೆ ಮಂಡಕ್ಕಿ ಎರಚಿದೆ. ಒಂದೂ ತಿನ್ನಲಿಲ್ಲ. ಕಂದು ನೀರಿನ ಮೇಲೆ ಮಂಡಕ್ಕಿ ಬೆಳ್ಳಗೆ ತೇಲಿತು.

ಜೀಪಿನಲ್ಲಿ ಬಂದಿದ್ದ ಸಂಸಾರವೊಂದು ಮೆಟ್ಟಿಲ ಮೇಲೆ ನಿಂತು ಖುಷಿಪಡುತ್ತಿತ್ತು. "ಎಷ್ಟೊಂದು ಮೀನು ನೋಡ್ರೀ! ನಮ್ ಅದೃಷ್ಟ ಇವತ್ತು, ಎಲ್ಲಾ ಮೇಲೇ ಬಂದಿದಾವೆ!"

"ಸಾಯ್ಲಿಕ್ಕೆ ಬಂದಾವಮ್ಮ," ಅಂದಳು ಅವ್ವ.

ಜನ ಸೇರಿತು. ಒಣಮೀನು ಮಾರುವ ಮೂಸಬ್ಬ ಸೈಕಲ್ಲನ್ನು ದಾರಿಯಲ್ಲೇ ಒರಗಿಸಿ ದೂರದಿಂದ ಕೂಗಿದ. "ಮೋರಿಯಿಂದ ಮೇಲೆ ಹಳ್ಳದ ನೀರು ಚೊಕ್ಕ ಉಂಟು. ಎತ್ತಿ ಅಲ್ಲಿ ಬಿಟ್ರೆ ಬದುಕ್ತಾವೆ. ಬಲೆ ನನ್ ಹತ್ರ ಉಂಟು ಭಟ್ರೇ, ಹೂಂ ಅನ್ನಿ ಸಾಕು."

ಗುಡಿಯ ಭಟ್ಟರು ಕೆಟ್ಟವರಲ್ಲ. ಗುಂಡಿ ನೋಡಿದರು, ಗುಡಿ ನೋಡಿದರು. "ದೇವ್ರ ಮೀನಿಗೆ ಬಲೆ ಹಾಕಿ ಅಂತ ನನ್ ಬಾಯಲ್ಲಿ ಹ್ಯಾಗೆ ಬರತ್ತೆ? ಹೂ ಕೇಳೋಣ. ಬಲಕ್ಕೆ ಬಿದ್ರೆ ಇಳಿಯೋಣ."

ಲಿಂಗದ ನೆತ್ತಿಯ ಮೇಲೆ ಹೂವಿಟ್ಟು ಪ್ರಾರ್ಥಿಸುವುದು, ಅದು ಬಲಕ್ಕೆ ಉದುರಿದರೆ ದೇವರ ಒಪ್ಪಿಗೆ. ಮದುವೆಗೂ ಅದೇ, ಮನೆ ಕಟ್ಟಲಿಕ್ಕೂ ಅದೇ. ಭಟ್ಟರು ಒಳಗೆ ಹೋದರು. ಕರ್ಪೂರ ಹಚ್ಚಿದರು. ನಾವು ಹೊರಗೆ ನಿಂತೆವು.

"ಬಿತ್ತಾ?"

"ಇನ್ನೂ ಇಲ್ಲ."

ಒಂದು ಮೀನು ಮಗುಚಿತು, ಬಿಳಿ ಹೊಟ್ಟೆ ಮೇಲಾಯಿತು. ಮತ್ತೊಂದು. ಗಂಡಸರು ಹೆಗಲ ಟವಲ್ಲು ತೆಗೆದು ಬಾಯಿಗೆ ಹಿಡಿದುಕೊಂಡು ಬಾಗಿಲು ನೋಡುತ್ತಿದ್ದರು.

"ಬಿತ್ತಾ?"

"ಇಲ್ಲ ಮಾರಾಯ, ಸುಮ್ನಿರು!"

ಬಂಡೆಯ ಎಡದಿಂದ ಪಟೇಲ್ರು ಬಂದರು. ಅಡ್ಡಡ್ಡಕ್ಕೆ ವಾಲಿಕೊಂಡು ಬಂದರು. ಅವ್ವ ಮೂಟೆಯನ್ನು ಮೆಟ್ಟಿಲ ಮೇಲೇ ಸುರಿದು, ಖಾಲಿ ಚೀಲ ಹಿಡಿದು ಸೀದಾ ನೀರಿಗೆ ಇಳಿದಳು.

"ಶೇಷಮ್ಮಾ! ಇಳೀಬೇಡ! ಊರಿಗೆ ಕೇಡು!"

"ಬಂದಾಯ್ತಲ್ರೋ ಕೇಡು, ಕಣ್ಣು ಹೊಟ್ಟಿತಾ ನಿಮ್ಗೆ? ಇದ್ರ ಅನ್ನ ತಿಂದೋಳು ನಾನು. ಏ ಮೂಸಬ್ಬ, ಏನ್ ನೋಡ್ತಾ ನಿಂತಿದ್ದಿ, ಬಾರೋ!"

ಮೂಸಬ್ಬ ದಾರಿಯಲ್ಲೇ ಚಪ್ಪಲಿ ಬಿಟ್ಟು ಓಡಿ ಬಂದ. "ಬಂದೆ ಅಕ್ಕ. ಬೈಗುಳ ಇಬ್ರಿಗೂ ಸಮಪಾಲು." ಬಲೆ ಬೀಸಿದ. ಗುಡಿಯ ಕೊಡಕ್ಕೆ ಮೀನು ತುಂಬಿಸಿ ಹೊತ್ತು ನಾನು ತೋಟದೊಳಗೆ ಓಡಿದೆ. ಕಾಫಿ ಗಿಡದ ಕೊಂಬೆ ಮುಖಕ್ಕೆ ಬಡಿಯುತ್ತಿತ್ತು, ಅಳುತ್ತಿದ್ದೆ, ನೀರು ಚೆಲ್ಲಿ ಲಂಗವೆಲ್ಲ ಅದೇ ಹುಳಿ ನಾತ. ಮೇಲಿನ ನೀರಿಗೆ ಬಿಟ್ಟ ಕೆಲವು ಬಾಲ ಆಡಿಸಿದವು. ಹೆಚ್ಚಿನವು ಆಡಿಸಲಿಲ್ಲ.

ಪಟೇಲ್ರು ಕೊಡದಲ್ಲಿ ಹಿಡಿಸಲಿಲ್ಲ. ಅವ್ವ ಅವರನ್ನು ಒದ್ದೆ ಚೀಲದಲ್ಲಿ ಮಗುವಿನ ಹಾಗೆ ಎದೆಗವಚಿಕೊಂಡು ಬಂದಳು. ಹಳ್ಳದಲ್ಲಿ ಕೂತು, ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು, ಮುಖವನ್ನು ಹರಿವಿಗೆ ತಿರುಗಿಸಿದಳು.

"ಉಸಿರು ತಗೊಳ್ಳಿ ಪಟೇಲ್ರೇ. ತಗೊಳ್ಳಿ. ನಿಮ್ ಕಾಲಿಗೆ ಬೀಳ್ತೀನಿ, ತಗೊಳ್ಳಿ."

ಕಿವಿರು ಒಮ್ಮೆ ತೆರೆಯಿತು. ಇನ್ನೊಮ್ಮೆ ತೆರೆದಂತಾಯಿತು. ಆಮೇಲೆ ಅವ್ವ ಎಷ್ಟು ನೆಟ್ಟಗೆ ಹಿಡಿದರೂ ಮೈ ವಾಲತೊಡಗಿತು. ಆಗ ಕೆಳಗಿನಿಂದ ಕೂಗು ಕೇಳಿತು.

"ಬಿತ್ತೂ! ಬಲಕ್ಕೇ ಬಿತ್ತೂ!"

ಊರಿಗೂರೇ ಬುಟ್ಟಿ, ಹಂಡೆ ಹಿಡಿದು ಗುಂಡಿಗೆ ಧುಮುಕಿತು. ಎತ್ತಿದ್ದೆಲ್ಲ ಹೆಣ. ಗುಡಿಯ ಪಕ್ಕದಲ್ಲಿ ಗುಂಡಿ ತೋಡಿ, ಅರಿಶಿನ ಹಾಕಿ, ಹಾಲು ಬಿಟ್ಟು ಮಣ್ಣು ಮಾಡಿದರು. ಅವ್ವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ಮೇಲಿನ ನೀರಲ್ಲಿ ಉಳಿದ ನಾಲ್ಕಾರು ಮೀನು ಗುಂಡಿಗೆ ವಾಪಸ್ಸು ಬರಲೇ ಇಲ್ಲ. ಸ್ವಲ್ಪ ದಿನ ಅವ್ವ ಮೆಟ್ಟಿಲಿಗೆ ಪಾವು ಬಡಿದು ಕಾದಳು. ಆಮೇಲೆ ಪಾವನ್ನು ಅಟ್ಟಕ್ಕೆ ಹಾಕಿ ಅದೇ ಎಸ್ಟೇಟಿಗೆ ಹಣ್ಣು ಕುಯ್ಯಲು ಹೋದಳು. ಹೊಟ್ಟೆ ಕೇಳಬೇಕಲ್ಲ.

ಮೊನ್ನೆ ಅವ್ವನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಈಗ ಅದು ಟೂರಿಸ್ಟ್ ಜಾಗ. ಟೈಲ್ಸ್ ಹಾಕಿದ ಮೆಟ್ಟಿಲು, ಕಬ್ಬಿಣದ ಬೇಲಿ, ಪಾರ್ಕಿಂಗು, ಫೋಟೋ ತೆಗೆಯಲು ಕಟ್ಟೆ. ಗುಂಡಿಯಲ್ಲಿ ಮೀನೂ ಇವೆ, ಎಲ್ಲಿಂದಲೋ ಮರಿ ತಂದು ಬಿಟ್ಟದ್ದು. "ನೂರಾರು ವರ್ಷದಿಂದ ಇದೇ ವಂಶ ಸಾರ್" ಅಂತ ಹುಡುಗನೊಬ್ಬ ವಿಡಿಯೋಗೆ ಹೇಳುತ್ತಿದ್ದ. ನನಗೆ ಮೈ ಉರಿದುಹೋಯಿತು. ಅವ್ವ ನನ್ನ ತೋಳು ಹಿಡಿದು ಸುಮ್ಮನಿರಿಸಿದಳು.

ಆಮೇಲೆ ನೀರಿನ ಬಾಟಲಿಯ ಸ್ಟೀಲು ಮುಚ್ಚಳ ತೆಗೆದು, ಬೇಲಿಯ ಸಂದಿಯಲ್ಲಿ ಕೈ ಇಳಿಸಿ, ಮೆಟ್ಟಿಲಿಗೆ ಟಕಟಕ ಬಡಿದಳು. ಒಂದು ಮೀನೂ ತಿರುಗಲಿಲ್ಲ. ಪಕ್ಕದಲ್ಲಿ ಯಾವುದೋ ಮಗು ಪ್ಯಾಕೆಟ್ ಚರಚರ ಹರಿಯಿತು. ಎಲ್ಲವೂ ಅತ್ತ ಓಡಿದವು.

ಅವ್ವ ಮುಚ್ಚಳ ಹಾಕಿದಳು. "ಇವ್ರು ಬೇರೆ ಯಾರೋ ಕಣೇ," ಅಂದಳು. "ನಡಿ."

ನಿಮ್ಮೂರಲ್ಲೂ ಮುಟ್ಟಬಾರದ ಗುಂಡಿಯೋ, ಕೆರೆಯೋ, ಕಾಡೋ ಇದ್ದಿರಬೇಕು. ಅದು ಸಾಯುವಾಗ ಯಾರು ಇಳಿದರು, ಯಾರು ನಿಂತು ನೋಡಿದರು, ಕೆಳಗೆ ಬರೆಯಿರಿ. ನಿಂತು ನೋಡಿದವರು ನೀವೇ ಆದರೂ ಬರೆಯಿರಿ. ಹೂ ಬೀಳಲಿ ಅಂತ ಕಾಯಬೇಡಿ.